ರಾಮನಗರದ ಮಣಿಸರ ಮತ್ತು ನನ್ನ ಮೂರು ಸುಳ್ಳು

ಮೊದಲೇ ಹೇಳ್ಬಿಡ್ತೀನಿ, ಇವತ್ತಿನ ಎಪಿಸೋಡ್ ಸ್ಪೀಕರ್‌ನಲ್ಲಿ ಹಾಕ್ಬೇಡಿ. ಬಸ್‌ನಲ್ಲಿದ್ರೆ ಇಯರ್‌ಫೋನ್ ಹುಡುಕಿ. ಮುಟ್ಟು, ಬಸಿರು, ಬಸಿರು ನಿಲ್ಲದ ಹಾಗೆ ಮಾಡೋ ಉಪಾಯಗಳು, ಆ ಉಪಾಯಗಳನ್ನ ಮೊದಲು ಯಾರ ಮೇಲೆ ಪರೀಕ್ಷೆ ಮಾಡಿದ್ರು ಅನ್ನೋದು ಇವತ್ತಿನ ವಿಷಯ. ನಾಚಿಕೊಳ್ಳೋ ಸಂಗತಿ ಏನಲ್ಲ. ಆದ್ರೂ ಪಕ್ಕದ ಸೀಟಿನ ಅಂಕಲ್‌ಗೆ ಯಾಕೆ ಸುಮ್ನೆ ತೊಂದರೆ.

ಇತಿಹಾಸಕ್ಕೆ ಹೋಗೋ ಮುಂಚೆ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಹೋದ ವರ್ಷ ನಾನು ಒಂದು ಅಧ್ಯಯನಕ್ಕೆ ಸೇರಿದ್ದೆ. ಔಷಧಿ ಕೊಡೋ ಟ್ರಯಲ್ ಅಲ್ಲ. ಹೊಸದಾಗಿ ಮದುವೆಯಾದ ಹೆಂಗಸರು ಫೋನಿನಲ್ಲಿ ಒಂದು ಆಪ್ ಹಾಕ್ಕೊಂಡು ಮುಟ್ಟಿನ ತಾರೀಕು ಬರೀತಾ ಹೋಗಬೇಕು, ತಿಂಗಳಿಗೊಮ್ಮೆ ಒಬ್ಬ ಮೇಡಂ ಫೋನ್ ಮಾಡಿ ಕೆಲವು ಪ್ರಶ್ನೆ ಕೇಳ್ತಾರೆ. ಅಷ್ಟೇ. ಗೆಳತಿ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದ್ಲು. ಏಳು ಪುಟದ ಒಂದು ಪಿಡಿಎಫ್ ಬಂತು, ಕೆಳಗೆ 'ಓದಿ ಒಪ್ಪಿದ್ದೇನೆ' ಅಂತ ಒಂದು ಚೌಕ. ಓದಲಿಲ್ಲ, ಒಪ್ಪಿದೆ. ನಾನು ಬಿ.ಕಾಂ. ಮಾಡಿದವಳು. ವೋಚರ್ ಇಲ್ಲದ ಎಂಟ್ರಿ ನಂಬಬಾರದು ಅಂತ ಆಡಿಟಿಂಗ್ ಪೇಪರ್‌ನಲ್ಲಿ ನಾಲ್ಕು ಪುಟ ಬರೆದು ಪಾಸಾದವಳು. ನನ್ನ ಮೈಯ ವಿಷಯ ಬಂದಾಗ ಟಿಕ್ ಹೊಡೆದು ಮುಂದೆ ಹೋದೆ.

ಮೊದಲ ಫೋನ್ ಬಂದಾಗ ಸಂಜೆ ಏಳು ಗಂಟೆ. ಹಾನಗಲ್‌ನ ನಮ್ಮ ಮನೆ ಅಡುಗೆಮನೇಲಿ ಅತ್ತಿ ರೊಟ್ಟಿ ಬಡೀತಿದ್ರು, ನಾನು ಪಲ್ಯಕ್ಕೆ ಒಗ್ಗರಣೆ ಹಾಕ್ತಿದ್ದೆ. 'ಕಳೆದ ನಾಲ್ಕು ವಾರದಲ್ಲಿ ಗರ್ಭನಿರೋಧಕ ಬಳಸಿದ್ದೀರಾ? ಪ್ರತಿ ಸಲವೂ ಬಳಸಿದ್ದೀರಾ?' ಅಂತ ಆ ಕಡೆಯಿಂದ ಪ್ರಶ್ನೆ. ನಾನು 'ಹೂಂ, ಹೂಂ' ಅಂದೆ. ಯಾರವ್ವಾ ಫೋನು ಅಂತ ಅತ್ತಿ ಕೇಳಿದ್ರೆ 'ಬ್ಯಾಂಕಿನವ್ರು' ಅಂದೆ. ಎರಡನೇ ತಿಂಗಳೂ ಹಾಗೇ, ಮೂರನೇ ತಿಂಗಳೂ ಹಾಗೇ. ಪ್ರತಿ ಸಲವೂ ಬಳಸಿರಲಿಲ್ಲ. ಯಾಕೆ ಬಳಸಿರಲಿಲ್ಲ ಅನ್ನೋದು ನಮ್ಮಿಬ್ಬರ ನಡುವಿನ ಮಾತು, ಇಲ್ಲಿ ಬೇಡ. ಆದ್ರೆ ಎಲ್ಲೋ ಒಂದು ಎಕ್ಸೆಲ್ ಶೀಟ್‌ನಲ್ಲಿ ಆ 'ಹೂಂ' ಈಗ ಅಂಕಿ ಆಗಿ ಕೂತಿದೆ. 'ಇಷ್ಟು ಪರ್ಸೆಂಟ್ ಹೆಂಗಸರು ನಿಯಮಿತವಾಗಿ ಬಳಸುತ್ತಾರೆ' ಅಂತ ನಾಳೆ ಯಾವುದೋ ವರದಿ ಹೇಳಿದ್ರೆ ಅದರೊಳಗೆ ನನ್ನ ಸುಳ್ಳೂ ಇರುತ್ತೆ.

ಇದೇ ಯೋಚನೇಲಿ ಇದ್ದಾಗ ನನಗೆ ರಾಮನಗರದ ಕಥೆ ಸಿಕ್ತು.

ರಾಮನಗರ ಅಂದ್ರೆ ನಿಮಗೆ ರೇಷ್ಮೆ ಮಾರ್ಕೆಟ್ ನೆನಪಾಗಬಹುದು, ಇಲ್ಲಾಂದ್ರೆ 'ಶೋಲೆ' ಸಿನಿಮಾದ ಬಂಡೆಗಳು. ಗಬ್ಬರ್ ಸಿಂಗ್ ಆ ಬಂಡೆ ಹತ್ತೋದಕ್ಕೆ ಸುಮಾರು ಇಪ್ಪತ್ತು ವರ್ಷ ಮುಂಚೆ, 1952ರ ಸುಮಾರಿಗೆ, ಸ್ವತಂತ್ರ ಭಾರತ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಅಲ್ಲಿ ಒಂದು ಪ್ರಯೋಗ ಶುರು ಮಾಡಿದ್ವು. ಇನ್ನೊಂದು ಕೇಂದ್ರ ದಿಲ್ಲಿಯ ಲೋದಿ ಕಾಲೊನಿ. ಅಲ್ಲಿ ಇದ್ದವರು ಸರ್ಕಾರಿ ನೌಕರರ ಮನೆಯವರು, ಇಲ್ಲಿ ಇದ್ದವರು ಹಳ್ಳಿಯವರು. ಪರೀಕ್ಷೆ ಮಾಡಿದ್ದು ಗುಳಿಗೆನೂ ಅಲ್ಲ, ಇಂಜೆಕ್ಷನ್ನೂ ಅಲ್ಲ. ಒಂದು ಮಣಿಸರ.

ಮಣಿಸರಾನೇ ಯಾಕೆ ಅಂತ ಗೊತ್ತಾಗೋಕೆ ಸ್ವಲ್ಪ ಹಿಂದೆ ಹೋಗ್ಬೇಕು. ಈ ವಿಷಯದಲ್ಲಿ ಮೈಸೂರು ಸಂಸ್ಥಾನ ಹಿಂದೆ ಬಿದ್ದಿರಲಿಲ್ಲ. 1930ರ ಜೂನ್‌ನಲ್ಲೇ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯೋಕೆ ಆದೇಶ ಆಗಿತ್ತು. ಸರ್ಕಾರವೇ ಇಂಥದ್ದು ತೆರೆದದ್ದು ಜಗತ್ತಿನಲ್ಲೇ ಮೊದಲು ಅಂತ ಇತಿಹಾಸದ ಪುಸ್ತಕಗಳು ಬರೀತವೆ. ಆಗ ನಮ್ಮ ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೇಲಿ ಇದ್ವು, ಸವಣೂರಿನಲ್ಲಿ ನವಾಬರು ಇದ್ರು. ಮೈಸೂರಿನ ಆದೇಶಕ್ಕೂ ನಮಗೂ ಸಂಬಂಧ ಇರಲಿಲ್ಲ.

ಹಾಗಂತ ನಮ್ಮ ಕಡೆಯವರು ಈ ಕಥೇಲಿ ಇಲ್ಲ ಅಂದ್ಕೋಬೇಡಿ. ಶಿಗ್ಗಾಂವಿ ದಾಟಿದ್ರೆ ಮುಂದಿನ ದೊಡ್ಡ ಊರು ಹುಬ್ಬಳ್ಳಿ. ಅಲ್ಲಿ 1893ರಲ್ಲಿ ಒಂದು ಕಾಶ್ಮೀರಿ ಕುಟುಂಬದಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಕನ್ನಡ ಮಾತಾಡ್ತಿದ್ದ ಹುಡುಗಿ ಧನವಂತಿ ಹಂಡೂ. ಮುಂದೆ ಬೆನೆಗಲ್ ರಾಮರಾವ್ ಅವರನ್ನ ಮದುವೆಯಾಗಿ ಧನವಂತಿ ರಾಮರಾವ್ ಆದ್ರು. 1949ರಲ್ಲಿ ಮುಂಬೈನಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘ ಕಟ್ಟಿದವರು ಇವರೇ. 1952ರ ನವೆಂಬರ್‌ನಲ್ಲಿ ಮುಂಬೈನಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಪಕ್ಕ ಕೂತಿದ್ದವರೂ ಇವರೇ. ಇಷ್ಟು ದೊಡ್ಡ ಹೆಸರು, ಹುಬ್ಬಳ್ಳಿಯಲ್ಲೇ ಎಷ್ಟು ಜನಕ್ಕೆ ಗೊತ್ತು ಅಂತ ನನಗೆ ಅನುಮಾನ.

ಇನ್ನು ದಿಲ್ಲಿ. ಆಗಿನ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್, ಗಾಂಧೀಜಿ ಜೊತೆ ವರ್ಷಗಟ್ಟಲೆ ಇದ್ದವರು. ಕೃತಕ ಸಾಧನಗಳು ಅಂದ್ರೆ ಗಾಂಧೀಜಿಗೆ ಆಗ್ತಿರಲಿಲ್ಲ. 1935ರ ಡಿಸೆಂಬರ್‌ನಲ್ಲಿ ವಾರ್ಧಾಕ್ಕೆ ಬಂದ ಸ್ಯಾಂಗರ್ ಎಷ್ಟು ವಾದ ಮಾಡಿದ್ರೂ ಅವರು ಒಪ್ಪಲಿಲ್ಲ. ಆದ್ರೆ ತಿಂಗಳ 'ಸುರಕ್ಷಿತ ದಿನ'ಗಳನ್ನ ನೋಡಿ ಕೂಡೋದು ಅಷ್ಟು ತಪ್ಪಲ್ಲ ಅನ್ನೋ ಹಾಗೆ ಒಂದು ಸಣ್ಣ ಕಿಂಡಿ ಬಿಟ್ಟಿದ್ರು. ಅಮೃತ್ ಕೌರ್ ಅದೇ ಕಿಂಡಿ ಹಿಡಿದ್ರು. ವಿಶ್ವ ಆರೋಗ್ಯ ಸಂಸ್ಥೆಗೂ ಅದೇ ಅನುಕೂಲ ಆಯ್ತು. ಅಲ್ಲಿ ಕ್ಯಾಥೊಲಿಕ್ ದೇಶಗಳ ವಿರೋಧ ಎಷ್ಟಿತ್ತು ಅಂದ್ರೆ, 1952ರ ಸಭೆಯಲ್ಲಿ ನಾರ್ವೆ ಈ ವಿಷಯಕ್ಕೊಂದು ತಜ್ಞರ ಸಮಿತಿ ಮಾಡೋಣ ಅಂದಾಗ ಕೆಲವು ದೇಶಗಳು ಸಂಸ್ಥೆಯನ್ನೇ ಬಿಟ್ಟು ಹೋಗೋ ಮಾತಾಡಿದ್ವು. ಪ್ರಸ್ತಾಪ ಬಿದ್ದುಹೋಯ್ತು. ಹೀಗೆ ದಿಲ್ಲಿಗೂ ಜಿನೀವಾಕ್ಕೂ ಇರುಸುಮುರುಸಾಗದ ದಾರಿ ಒಂದೇ ಉಳೀತು, ದಿನ ಎಣಿಸೋದು. ರಾಮನಗರದ ಹೆಂಗಸರಿಗೆ ಏನು ಬೇಕು ಅನ್ನೋದು ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ.

ಕಾಮರ್ಸ್ ಬುದ್ಧಿ ಬಿಡಲ್ಲ, ಒಂದು ಲೆಕ್ಕ ಹೇಳಿ ಮುಂದೆ ಹೋಗ್ತೀನಿ. ಮೊದಲ ಪಂಚವಾರ್ಷಿಕ ಯೋಜನೇಲಿ ಕುಟುಂಬ ಯೋಜನೆಗೆ ಇಟ್ಟಿದ್ದು 65 ಲಕ್ಷ ರೂಪಾಯಿ. ಖರ್ಚಾದದ್ದು ಅದರ ಕಾಲು ಭಾಗಕ್ಕಿಂತ ಕಡಿಮೆ.

ಪ್ರಯೋಗ ರೂಪಿಸೋಕೆ ನ್ಯೂಯಾರ್ಕ್‌ನಿಂದ ಡಾ. ಅಬ್ರಹಾಂ ಸ್ಟೋನ್ ಅನ್ನೋ ವೈದ್ಯರು 1951ರ ಕೊನೆಗೆ ಬಂದ್ರು. ಅವರ ಮುಂದೆ ಇದ್ದ ವಿಜ್ಞಾನ ಆಗ ಅಷ್ಟು ಹಳೇದಲ್ಲ. ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನಾಸ್ 1920ರ ದಶಕದಲ್ಲಿ ಬೇರೆ ಬೇರೆಯಾಗಿ ಒಂದೇ ವಿಷಯ ಕಂಡುಹಿಡಿದಿದ್ರು: ಅಂಡ ಬಿಡುಗಡೆ ಆಗೋದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ. ಅದರ ಆಚೀಚೆ ಕೆಲವು ದಿನ ಬಿಟ್ರೆ ಬಸಿರು ನಿಲ್ಲೋ ಸಾಧ್ಯತೆ ಕಡಿಮೆ. ಲೆಕ್ಕ ಹೀಗೆ: ಹಲವು ತಿಂಗಳ ಮುಟ್ಟಿನ ತಾರೀಕು ಬರೆದಿಡಿ. ಅತಿ ಚಿಕ್ಕ ಚಕ್ರದಿಂದ 18 ಕಳೀರಿ, ಅತಿ ಉದ್ದದ ಚಕ್ರದಿಂದ 11 ಕಳೀರಿ. ಚಿಕ್ಕದು 26 ದಿನ, ಉದ್ದದ್ದು 31 ದಿನ ಇದ್ರೆ, 8ನೇ ದಿನದಿಂದ 20ನೇ ದಿನದವರೆಗೆ ದೂರ ಇರ್ಬೇಕು. ಇದನ್ನ ನಂಬಿ ನಾಳೆಯಿಂದ ಶುರು ಮಾಡ್ಕೋಬೇಡಿ ಮತ್ತೆ. ಚಕ್ರ ಏರುಪೇರಾದ್ರೆ ಲೆಕ್ಕ ಕೈ ಕೊಡುತ್ತೆ. ಡಾಕ್ಟರ್ ಹತ್ರ ಮಾತಾಡಿ.

ಈಗ ಯೋಚನೆ ಮಾಡಿ. ಓದು ಬರಹ ಕಲಿಯೋ ಅವಕಾಶವೇ ಸಿಗದ ಹೆಣ್ಣುಮಗಳು, ಮನೇಲಿ ಕ್ಯಾಲೆಂಡರ್ ಇಲ್ಲ. ಈ ಕೂಡೋದು ಕಳೆಯೋದು ಹೇಗೆ? ಸ್ಟೋನ್ ಅವರ ಉತ್ತರವೇ ಮಣಿಸರ. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದ್ರೆ ಭಯ ಇಲ್ಲ. ಕೆಂಪು ಮಣಿ ಬಂದ್ರೆ ಕೂಸು ನಿಲ್ಲೋ ದಿನ. ಕಾಗದದ ಮೇಲೆ ನೋಡಿದ್ರೆ ಎಷ್ಟು ಚಂದದ ಐಡಿಯಾ. ಇವತ್ತಿನ ಭಾಷೆಲಿ ಹೇಳೋದಾದ್ರೆ ಕುತ್ತಿಗೆಗೆ ಹಾಕ್ಕೊಳ್ಳೋ ಆಪ್.

ಮನೆ ಮನೆಗೆ ಹೋಗಿ ಕೇಳಿದಾಗ ಹೆಚ್ಚಿನ ದಂಪತಿಗಳು 'ಕಲೀತೀವಿ' ಅಂದ್ರು. ಕೊನೆಗೆ ಹೇಳಿಕೊಟ್ಟ ಹಾಗೆ ಪಾಲಿಸಿ ದಡ ಮುಟ್ಟಿದವರು ಬಹಳ ಕಡಿಮೆ. ಈ ಎರಡು ಸಾಲಿನ ನಡುವೆ ಏನಾಯ್ತು ಅನ್ನೋದೇ ಕಥೆ.

ಮೊದಲ ಸಮಸ್ಯೆ ಕತ್ತಲೆ. ಮಣಿ ನೋಡಬೇಕಾದ ಹೊತ್ತಲ್ಲಿ ದೀಪ ಇಲ್ಲ. ಕತ್ತಲಲ್ಲಿ ಹಸಿರು ಯಾವುದು, ಕೆಂಪು ಯಾವುದು? ಹಾಗಾಗಿ ಕೈಗೆ ಗೊತ್ತಾಗಲಿ ಅಂತ ಮಣಿಗಳ ಆಕಾರವನ್ನೇ ಬೇರೆ ಮಾಡಿದ್ರು, ಒಂದು ಗುಂಡಗೆ, ಇನ್ನೊಂದು ಚೌಕ. ಎರಡನೇದು, ಮಣಿ ಯಾವ ಕಡೆ ಸರಿಸಬೇಕು ಅನ್ನೋ ಗೊಂದಲ. ಹಿಂದೆ ಸರಿಯದ ಹಾಗೆ ಒಂದು ತಡೆ ಹಾಕಿದ್ರು. ಮೂರನೇದು, ಮುಟ್ಟಾದಾಗ ಹೊರಗೆ ಕೂಡೋ ಪದ್ಧತಿ ಇದ್ದ ಮನೆಗಳಲ್ಲಿ ಆ ದಿನಗಳಲ್ಲಿ ಸರ ಮುಟ್ಟೋಕೆ ಹೆಂಗಸರು ಹಿಂಜರಿದ್ರು. ಮುಟ್ಟಿನ ದಿನ ಲೆಕ್ಕ ಹಾಕೋಕಂತ ಮಾಡಿದ ಸರವನ್ನ ಮುಟ್ಟಿನ ದಿನವೇ ಮುಟ್ಟೋ ಹಾಗಿಲ್ಲ! ನ್ಯೂಯಾರ್ಕ್‌ನಲ್ಲಿ ಕೂತವರಿಗೆ ಇದು ಹೇಗೆ ಹೊಳೀಬೇಕು.

ನಾಲ್ಕನೇದನ್ನ ಈ ಪ್ರಯೋಗದ ಬಗ್ಗೆ ಬರೆಯೋರೆಲ್ಲ ನಗುನಗುತ್ತ ಹೇಳ್ತಾರೆ. ಸರ ಇದ್ರೆ ಸಾಕು, ಮಣಿ ಸರಿಸಿದ್ರೆ ಸಾಕು, ಬಸಿರು ನಿಲ್ಲಲ್ಲ ಅಂತ ಕೆಲವು ಹೆಂಗಸರು ತಿಳ್ಕೊಂಡಿದ್ರಂತೆ, ತಾಯಿತದ ಹಾಗೆ. ನಾನೂ ಮೊದಲ ಸಲ ಓದಿದಾಗ ನಕ್ಕೆ. ಎರಡನೇ ಸಲ ಓದಿದಾಗ ನಗು ಬರಲಿಲ್ಲ. ಕೆಂಪು ಮಣಿ ಬಂತು ಅಂತ ಗೊತ್ತಾದ ಮೇಲೆ ಆ ಹೆಂಗಸು ಏನು ಮಾಡ್ಬೇಕಿತ್ತು? ಗಂಡನಿಗೆ 'ಇವತ್ತು ಬೇಡ' ಅನ್ಬೇಕಿತ್ತು. ಆ ಮಾತು ಅನ್ನೋ ಸ್ವಾತಂತ್ರ್ಯ ಸರದ ಜೊತೆ ಪ್ಯಾಕ್ ಆಗಿ ಬರಲಿಲ್ಲವಲ್ಲ. ಮಣಿ ಸರಿಸೋದೊಂದೇ ಅವಳ ಕೈಲಿದ್ದ ಕೆಲಸ, ಅದನ್ನ ಮಾಡಿದ್ಲು. ಅದಕ್ಕೆ ನಾವು ಮೂಢನಂಬಿಕೆ ಅಂತ ಹೆಸರಿಟ್ವಿ.

ಇನ್ನೊಂದು ವಿಷಯ ಯಾರೂ ಜಾಸ್ತಿ ಹೇಳಲ್ಲ. ಆ ಕಾಲಕ್ಕೆ ಈ ದೇಶದ ಹೆಂಗಸೊಬ್ಬಳಿಗೆ ಸರಾಸರಿ ಆರು ಹೆರಿಗೆ. ಒಂಬತ್ತು ತಿಂಗಳು ಬಸಿರು, ಆಮೇಲೆ ವರ್ಷ ಒಂದೂವರೆ ವರ್ಷ ಮೊಲೆ ಕುಡಿಸೋದು, ಆಮೇಲೆ ಮತ್ತೆ ಬಸಿರು. ಸರಿಯಾಗಿ ತಿಂಗಳಿಗೊಮ್ಮೆ ಮುಟ್ಟಾಗೋ ತಿಂಗಳುಗಳೇ ಅವಳ ಹರೆಯದಲ್ಲಿ ಕಡಿಮೆ. ಕೂಸಿಗೆ ಹಾಲು ಕುಡಿಸೋವಾಗ ಮುಟ್ಟು ಯಾವಾಗ ಮರಳುತ್ತೆ ಅಂತ ಯಾವ ಮಣಿಯೂ ಹೇಳಲ್ಲ. ಅಂದ್ರೆ ಸರ ಯಾರಿಗೆ ಹೆಚ್ಚು ಬೇಕಿತ್ತೋ ಅವರ ಮೈಗೇ ಅದು ಹೊಂದುತ್ತಿರಲಿಲ್ಲ.

ಈ ಕಥೆ ಹೇಳೋಕೆ ಶಿಗ್ಗಾಂವಿ ತಾಲ್ಲೂಕಿನ ನನ್ನ ತವರಿಗೆ ಹೋಗಿದ್ದೆ. ಕೇಳಿಸಿಕೊಂಡವಳು ನಮ್ಮ ಆಯಿ, ಅಂದ್ರೆ ಅಮ್ಮನ ಅಮ್ಮ. ಎಂಬತ್ತು ದಾಟಿದೆ, ಕಿವಿ ಚುರುಕು. ಎಲ್ಲ ಕೇಳಿ, ಸವಣೂರು ಎಲಿಗೆ ಸುಣ್ಣ ಹಚ್ಚುತ್ತ ಒಂದೇ ಮಾತು ಕೇಳಿದ್ಲು: 'ಆ ಸರಾ ಗಂಡಸರ ಕೊಳ್ಳಾಗ ಯಾಕ ಹಾಕಲಿಲ್ಲ?' ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಅವಳೇ ತನ್ನ ವಂಕಿ ಕಥೆ ಶುರು ಮಾಡಿದ್ಲು.

ವಂಕಿ ಅಂದ್ರೆ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಈಗಿನ ಕಾಪರ್-ಟಿಗಿಂತ ಮುಂಚೆ ಬಂದದ್ದು ಲಿಪ್ಪೆಸ್ ಲೂಪ್, ಪ್ಲಾಸ್ಟಿಕ್ಕಿನ ಸುರುಳಿ. 1965ರಲ್ಲಿ ಭಾರತ ಸರ್ಕಾರ ಇದನ್ನ ದೇಶದ ತುಂಬ ದೊಡ್ಡ ಪ್ರಮಾಣದಲ್ಲಿ ಹಾಕೋಕೆ ಶುರು ಮಾಡಿತು. ಅದನ್ನ ತಯಾರಿಸೋಕಂತ ಕಾನ್ಪುರದಲ್ಲಿ ಕಾರ್ಖಾನೆಯೇ ಬಂತು. ಮೊದಲೆರಡು ವರ್ಷ ಅಂಕಿ ಏರಿತು, ಆಮೇಲೆ ಇಳೀತು. ರಕ್ತಸ್ರಾವ, ಹೊಟ್ಟೆನೋವು ಬಂದಾಗ ನೋಡೋರಿಲ್ಲ, ಹೀಗಾಗುತ್ತೆ ಅಂತ ಮೊದಲೇ ಹೇಳಿದವರೂ ಇಲ್ಲ. ಹೆಂಗಸರ ಬಾಯಿಂದ ಬಾಯಿಗೆ ಸುದ್ದಿ ಹೋಯ್ತು.

ಆಯಿ ಹೇಳಿದ್ದು ಅವಳ ಮಾತಲ್ಲೇ ಕೇಳಿ: 'ಮೂರು ಹಡದಿದ್ದೆ. ನರ್ಸಬಾಯಿ ಬಂದು ವಂಕಿ ಹಾಕಿಸ್ಕೋ ಅಂದ್ಲು, ಹೂಂ ಅಂದೆ. ಆಕಿ ಭಾಳ ಛಲೋ ಹೆಣಮಗಳು, ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಹಾಕಿದ ಮ್ಯಾಲೆ ತಿಂಗಳಾನಗಟ್ಟಲೆ ಹೋಗೂದು ನಿಲ್ಲಲಿಲ್ಲ. ಸೂಲಗಿತ್ತಿ ಕಡೆ ತಗಿಸ್ಕೊಂಡ್ನಿ. ಆಮ್ಯಾಲೆ ನರ್ಸಬಾಯಿ ಬಂದು ಹೆಂಗೈತವಾ ಅಂತ ಕೇಳಿದ್ಲು. ಅರಾಮ ಐತ್ರೀ ಬಾಯಾರ ಅಂದೆ. ಆಕಿ ಬರಕೊಂಡು ಹೋದ್ಲು.'

'ಸುಳ್ಳು ಯಾಕ ಹೇಳಿದೆ ಆಯಿ?'

'ಖರೇ ಹೇಳಿದ್ರ ಮತ್ತ ಹಾಕತಾಳಲ್ಲ!'

ಸೂಲಗಿತ್ತಿ ಕಡೆ ಹೀಗೆ ತೆಗೆಸೋದು ಜೀವಕ್ಕೇ ಅಪಾಯ, ಅದು ಆಯಿಗೂ ಗೊತ್ತು. ಆದ್ರೆ ಆ ವರ್ಷದ ಯಾವುದೋ ರಿಜಿಸ್ಟರ್‌ನಲ್ಲಿ ನಮ್ಮ ಆಯಿ ವಂಕಿ ಹಾಕ್ಕೊಂಡು ಸುಖವಾಗಿರೋ ಫಲಾನುಭವಿ.

ಪಂಜಾಬಿನದ್ದೂ ಇದೇ ಕಥೆ. ಲೂಧಿಯಾನ ಜಿಲ್ಲೆಯ ಖನ್ನಾ ಸುತ್ತಲ ಹಳ್ಳಿಗಳಲ್ಲಿ 1953ರಿಂದ 1960ರವರೆಗೆ ಹಾರ್ವರ್ಡ್‌ನವರು ನೊರೆಗುಳಿಗೆ ಹಂಚಿ ಅಧ್ಯಯನ ಮಾಡಿದ್ರು. ಜನ ಗುಳಿಗೆ ತಗೊಂಡ್ರು, ಬಳಸಲಿಲ್ಲ. ಆಮೇಲೆ ಮಹಮೂದ್ ಮಮ್ದಾನಿ ಅಂತ ಒಬ್ಬ ಸಂಶೋಧಕರು ಅಲ್ಲಿಗೆ ಹೋಗಿ ಮಾತಾಡಿಸಿದಾಗ ಗೊತ್ತಾಯ್ತು: ಬಂದವರು ಒಳ್ಳೆಯವರು, ಬೇಡ ಅಂದ್ರೆ ಮನಸ್ಸು ನೋಯುತ್ತೆ ಅಂತ ತಗೊಂಡಿದ್ರು. ಗುಳಿಗೆ ಡಬ್ಬಿಗಳನ್ನ ಜೋಡಿಸಿ ಒಬ್ಬರು ಮನೇಲಿ ಒಂದು ಕಲಾಕೃತಿ ಮಾಡಿಟ್ಟಿದ್ರು. 1972ರಲ್ಲಿ ಬಂದ ಮಮ್ದಾನಿ ಅವರ ಪುಸ್ತಕ ಇದನ್ನ ಜಗತ್ತಿಗೆ ಹೇಳಿತು. ಅವರು ಇನ್ನೊಂದು ವಿಷಯವನ್ನೂ ಹೇಳಿದ್ರು: ಹೊಲದಲ್ಲಿ ದುಡಿಯೋಕೆ ಕೈಗಳು ಬೇಕಾಗಿದ್ದ ಮನೆಗಳಿಗೆ ಮಕ್ಕಳು ಭಾರ ಆಗಿರಲಿಲ್ಲ. ಆ ಪ್ರಶ್ನೆಯನ್ನೇ ಸರಿಯಾಗಿ ಕೇಳಿರಲಿಲ್ಲ.

ಇಲ್ಲಿಯವರೆಗೆ ಕೇಳಿದವರಿಗೆ ಒಂದು ಅನುಮಾನ ಬರಬಹುದು. ಹಾಗಾದ್ರೆ ಇಂಥ ಅಧ್ಯಯನಗಳೇ ಬೇಡವಾ? ನಾನು ಹಾಗೆ ಹೇಳ್ತಿಲ್ಲ. ಪರೀಕ್ಷೆ ಮಾಡದ ಔಷಧಿ, ಪರೀಕ್ಷೆ ಮಾಡಿದ ಔಷಧಿಗಿಂತ ಅಪಾಯ. ರಾಮನಗರದಲ್ಲಿ ಕನಿಷ್ಠ ಕೇಳಿದ್ರು, ಕಲಿಸಿದ್ರು, ಕತ್ತಲೆ ಅಂದಾಗ ಮಣಿ ಬದಲಾಯಿಸಿದ್ರು. ಸರದಿಂದ ಯಾರ ಮೈಗೂ ನೋವಾಗಲಿಲ್ಲ. ಎಲ್ಲ ಕಡೆ ಹೀಗಿರಲಿಲ್ಲ.

ಹುಮನಾಬಾದ್‌ನಿಂದ ಹೈದರಾಬಾದ್‌ಗೆ ಹೋಗೋ ಹೈವೇಯಲ್ಲಿ, ಊರು ಶುರುವಾಗೋ ಮುಂಚೆ ಪಟಾನ್‌ಚೆರು ಬರುತ್ತೆ. 1985ರಲ್ಲಿ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಡ ಹೆಂಗಸರನ್ನ ಒಂದು ಕ್ಯಾಂಪ್‌ಗೆ ಕರೆಸಿದ್ರು. ನೆಟ್-ಎನ್ ಅನ್ನೋ ಇಂಜೆಕ್ಷನ್, ಎರಡು ತಿಂಗಳಿಗೊಮ್ಮೆ, ಬಸಿರು ತಡೆಯೋಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಟ್ರಯಲ್ ಅದು. ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯವರು ಹೋಗಿ ನೋಡಿದಾಗ, ಇದು ಇನ್ನೂ ಪರೀಕ್ಷೆ ಹಂತದಲ್ಲಿದೆ, ಇದರಿಂದ ಏನೇನು ತೊಂದರೆ ಆಗಬಹುದು ಅನ್ನೋದು ಬಂದವರಿಗೆ ಗೊತ್ತೇ ಇರಲಿಲ್ಲ. ಅವರಿಗೆ ಅದೊಂದು ಸರ್ಕಾರಿ ಸೂಜಿ, ಅಷ್ಟೇ. ಸಂಘಟನೆಯವರು ಎಲ್ಲ ವಿವರಿಸಿ ಹೇಳಿದ ಮೇಲೆ ಹೆಚ್ಚಿನವರು ಇಂಜೆಕ್ಷನ್ ಬೇಡ ಅಂತ ಎದ್ದು ಹೋದ್ರು.

1986ರಲ್ಲಿ ಆ ಸಂಘಟನೆ, ದಿಲ್ಲಿಯ ಸಹೇಲಿ ಮತ್ತು ಇನ್ನೂ ಕೆಲವರು ಸುಪ್ರೀಂ ಕೋರ್ಟ್‌ಗೆ ಹೋದ್ರು. ಕೇಸ್ ಮುಗಿದದ್ದು 2000ನೇ ಇಸವಿಯಲ್ಲಿ. ಅಷ್ಟರಲ್ಲಿ ಸರ್ಕಾರವೇ, ಕುಟುಂಬ ಯೋಜನೆ ಕಾರ್ಯಕ್ರಮದಲ್ಲಿ ನೆಟ್-ಎನ್ ಅನ್ನು ಸಾಮೂಹಿಕವಾಗಿ ಕೊಡೋದು ಸೂಕ್ತ ಅಲ್ಲ ಅನ್ನೋ ನಿಲುವಿಗೆ ಬಂದಿತ್ತು. ಹದಿನಾಲ್ಕು ವರ್ಷ ಬೇಕಾಯ್ತು.

ಅದೇ ನೆಟ್-ಎನ್ ಇನ್ನೊಂದು ಕಥೆಯಲ್ಲೂ ಬರುತ್ತೆ, ಈ ಸಲ ಗಂಡಸರ ಮೈಗೆ. ಪುರುಷ ಹಾರ್ಮೋನ್ ಜೊತೆ ಸೇರಿಸಿ, ಎಂಟು ವಾರಕ್ಕೊಮ್ಮೆ ಗಂಡಸರಿಗೆ ಇಂಜೆಕ್ಷನ್. ಹಲವು ದೇಶಗಳ 320 ಗಂಡಸರು ಸೇರಿದ್ರು. ಬಸಿರು ತಡೆಯೋದರಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡ್ತಿತ್ತು. ಆದ್ರೆ ಮನಸ್ಸಿನ ಏರುಪೇರು, ನೋವು, ಮೊಡವೆ ಅಂತ ದೂರುಗಳು ಬಂದವು. 2011ರಲ್ಲಿ ಸ್ವತಂತ್ರ ಸುರಕ್ಷತಾ ಸಮಿತಿಯೊಂದು ಇಂಜೆಕ್ಷನ್ ನಿಲ್ಲಿಸಿ ಅಂತು. 2016ರಲ್ಲಿ ಫಲಿತಾಂಶ ಪ್ರಕಟ ಆದಾಗ ಸೋಶಿಯಲ್ ಮೀಡಿಯಾದಲ್ಲಿ ಗಂಡಸರನ್ನ ಗೇಲಿ ಮಾಡಿದ್ದೇ ಮಾಡಿದ್ದು. ನನಗೆ ಆ ಗೇಲಿ ಇಷ್ಟ ಆಗಲಿಲ್ಲ. ನಿಲ್ಲಿಸಿದ್ದು ಗಂಡಸರಲ್ಲ, ಸಮಿತಿ. ಭಾಗವಹಿಸಿದವರಲ್ಲಿ ಹೆಚ್ಚಿನವರು ಇಂಥದ್ದು ಸಿಕ್ಕರೆ ಬಳಸ್ತೀವಿ ಅಂದಿದ್ರು. ಒಂದು ಟ್ರಯಲ್ ಇರಬೇಕಾದದ್ದೇ ಹಾಗೆ, ತೊಂದರೆ ಹೇಳೋಕೆ ಜಾಗ, ಕೇಳಿಸಿಕೊಳ್ಳೋಕೆ ಹೊರಗಿನವರು. ಪಟಾನ್‌ಚೆರುವಿನ ಹೆಂಗಸರಿಗೆ ಆ ಎರಡೂ ಇರಲಿಲ್ಲ ಅನ್ನೋದಷ್ಟೇ ನನ್ನ ಸಿಟ್ಟು.

ಮಣಿಸರ ಸತ್ತುಹೋಯ್ತು ಅಂದ್ಕೊಂಡಿದ್ರೆ, ಇಲ್ಲ. ರಾಮನಗರ ಆಗಿ ಸುಮಾರು ಐವತ್ತು ವರ್ಷದ ಮೇಲೆ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಮತ್ತೆ ಒಂದು ಸರ ಮಾಡಿದ್ರು, 32 ಮಣಿಗಳದ್ದು. ಬೊಲಿವಿಯಾ, ಪೆರು, ಫಿಲಿಪ್ಪೀನ್ಸ್‌ನಲ್ಲಿ ಪರೀಕ್ಷೆ ಮಾಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿದ್ರು. 26ರಿಂದ 32 ದಿನದ ಚಕ್ರ ಇರೋರಿಗೆ ಮಾತ್ರ ಇದು. ಸರಿಯಾಗಿ ಪಾಲಿಸಿದ್ರೆ ವರ್ಷಕ್ಕೆ ನೂರರಲ್ಲಿ ಐದಕ್ಕಿಂತ ಕಡಿಮೆ ಹೆಂಗಸರಿಗೆ ಬಸಿರು, ಸಾಮಾನ್ಯವಾಗಿ ಜನ ಬಳಸೋ ರೀತಿಯಲ್ಲಿ ಸುಮಾರು ಹನ್ನೆರಡು. ಸುಲಭ ಮಾಡೋಕೆ ಕಳೆಯೋ ಲೆಕ್ಕವನ್ನೇ ತೆಗೆದುಹಾಕಿ 8ರಿಂದ 19ನೇ ದಿನ ಅಂತ ಎಲ್ಲರಿಗೂ ಒಂದೇ ನಿಗದಿ ಮಾಡಿದ್ರು. ಆ ದಿನಗಳ ಮಣಿಗಳು ಬಿಳೀ ಬಣ್ಣದವು. ಅವು ಕತ್ತಲಲ್ಲಿ ಹೊಳೀತವೆ.

ಅದನ್ನ ಓದಿ ನಾನು ಒಂದು ನಿಮಿಷ ಸುಮ್ನೆ ಕೂತಿದ್ದೆ. ರಾಮನಗರದ ಹೆಂಗಸರು ಹೇಳಿದ್ದ ದೂರು ಅದೇ ತಾನೇ.

ಗಂಡಸರ ಕೊರಳಿನ ಪ್ರಶ್ನೆ ಮಾತ್ರ ಹಾಗೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ ಮದುವೆಯಾದ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 57 ಜನ ಆಪರೇಷನ್ ಮಾಡಿಸ್ಕೊಂಡೋರು. ಗಂಡಸರ ಆಪರೇಷನ್ ಕಾಲಂನಲ್ಲಿ ಹೆಚ್ಚೂಕಡಿಮೆ ಸೊನ್ನೆ.

ಹಿರೇಕೆರೂರಲ್ಲಿ ನಮ್ಮ ದೊಡ್ಡಮ್ಮನ ಮಗಳು ಆಶಾ ಕಾರ್ಯಕರ್ತೆ. ಅಂತರಾ ಇಂಜೆಕ್ಷನ್, ಛಾಯಾ ಗುಳಿಗೆ ಎಲ್ಲ ಅವಳ ದಿನನಿತ್ಯದ ಮಾತು. ನನ್ನ ಮೂರು ಸುಳ್ಳಿನ ಬಗ್ಗೆ ಅವಳಿಗೆ ಹೇಳಿದೆ. ಬೈತಾಳೆ ಅಂದ್ಕೊಂಡಿದ್ದೆ. 'ನಾ ಕೇಳಾಕ ಹೋದಾಗ ಅತ್ತಿ ಬಾಗಿಲದಾಗ ನಿಂತಿದ್ರ ಯಾವ ಸೊಸಿನೂ ಖರೇ ಹೇಳೂದಿಲ್ಲ. ಅದಕ್ಕ ನಾ ನೀರು ತರಾಕ ಹೊಂಟಾಗ ಕೇಳತೇನಿ' ಅಂದ್ಲು. ಆಮೇಲೆ ಕೇಳಿದ್ಲು: 'ಆ ಕಾಗದಾ ಓದಿದಿ ಏನು?'

ಓದಿರಲಿಲ್ಲ. ಅವತ್ತು ರಾತ್ರಿ ಓದಿದೆ.

ಈ ಕಾಗದಗಳ ಹಿಂದೆಯೂ ಒಂದು ಇತಿಹಾಸ ಇದೆ. ಮನುಷ್ಯರ ಮೇಲಿನ ಸಂಶೋಧನೆಗೆ ವೈದ್ಯಕೀಯ ಸಂಶೋಧನಾ ಮಂಡಳಿ ಮೊದಲು ನೀತಿ ಹೇಳಿದ್ದು 1980ರಲ್ಲಿ, ವಿವರವಾದ ಮಾರ್ಗಸೂಚಿ ಬಂದದ್ದು 2000ದಲ್ಲಿ. ಇವತ್ತು ಹೊಸ ಔಷಧಿಗಳ ಟ್ರಯಲ್‌ಗೆ 2019ರ ನಿಯಮಗಳಿವೆ. ಟ್ರಯಲ್‌ಗಳನ್ನ ನೋಂದಾಯಿಸೋ ಸಾರ್ವಜನಿಕ ಪಟ್ಟಿ 2007ರಲ್ಲಿ ಶುರುವಾಯ್ತು, ಹೆಸರು ಸಿಟಿಆರ್‌ಐ. ಫೋನ್‌ನಲ್ಲೇ ತೆಗೆದು ನಿಮ್ಮ ಟ್ರಯಲ್ ಅದರಲ್ಲಿದೆಯಾ ಅಂತ ನೋಡಬಹುದು. ಔಷಧಿ ಇಲ್ಲದ, ಬರೀ ಪ್ರಶ್ನೆ ಕೇಳೋ ಆರೋಗ್ಯ ಅಧ್ಯಯನಕ್ಕೂ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಮಾಹಿತಿ ನಿಮಗೆ ಅರ್ಥ ಆಗೋ ಭಾಷೇಲಿ ಇರ್ಬೇಕು. ಟ್ರಯಲ್‌ಗೆ ಸೇರೋರಿಗೆ ಓದೋಕೆ ಬರದಿದ್ರೆ, ಸಂಶೋಧಕರ ಕಡೆಯವರಲ್ಲದ ಒಬ್ಬ ಸಾಕ್ಷಿ ಮುಂದೆ ಓದಿ ಹೇಳ್ಬೇಕು. ಮಧ್ಯದಲ್ಲಿ ಬಿಟ್ಟು ಹೋದ್ರೆ ಕಾರಣ ಕೊಡಬೇಕಾಗಿಲ್ಲ, ಅದಕ್ಕಾಗಿ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ. ಟ್ರಯಲ್‌ನಿಂದ ಮೈಗೆ ತೊಂದರೆ ಆದ್ರೆ ಚಿಕಿತ್ಸೆ, ಪರಿಹಾರ ಅವರ ಜವಾಬ್ದಾರಿ. ಎಥಿಕ್ಸ್ ಕಮಿಟಿಯನ್ನ ಸಂಪರ್ಕಿಸೋದು ಹೇಗೆ ಅಂತ ಆ ಕಾಗದದಲ್ಲೇ ಇರ್ಬೇಕು. ಇಲ್ಲದಿದ್ರೆ ಸಹಿ ಹಾಕ್ಬೇಡಿ.

ನನ್ನ ಪಿಡಿಎಫ್‌ನಲ್ಲಿ ಇದೆಲ್ಲ ಇತ್ತು, ಒಳ್ಳೆ ಕನ್ನಡದಲ್ಲೇ ಇತ್ತು. ನಾಲ್ಕನೇ ಪುಟದಲ್ಲಿ, ಇಷ್ಟವಿಲ್ಲದ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ ಅಂತ ಬರೆದಿತ್ತು. ಫೋನ್ ಯಾವಾಗ ಮಾಡ್ಬೇಕು ಅಂತ ನಾವೇ ಸಮಯ ಹೇಳಬಹುದು ಅಂತಲೂ ಇತ್ತು. ಮೂರು ತಿಂಗಳು ನಾನು ಒಗ್ಗರಣೆ ಮುಂದೆ ನಿಂತು ಸುಳ್ಳು ಹೇಳಿದ್ದಕ್ಕೆ ಅವರನ್ನ ದೂರೋ ಹಾಗಿರಲಿಲ್ಲ. ಒಂದೇ ಒಂದು ತಕರಾರು ಉಳೀತು: ಏಳು ಪುಟದಲ್ಲಿ ಎಲ್ಲೂ ನನ್ನ ಗಂಡನಿಗೆ ಒಂದು ಪ್ರಶ್ನೆಯೂ ಇರಲಿಲ್ಲ. ಅದನ್ನೂ ಅವರಿಗೇ ಹೇಳೋಣ ಅಂತ ಬರೆದಿಟ್ಕೊಂಡೆ.

ಮರುದಿನ ಮಧ್ಯಾಹ್ನ ಗೋವಿನಜೋಳ ಹರವೋ ನೆಪದಲ್ಲಿ ಮಾಳಿಗೆ ಹತ್ತಿ ಅದೇ ನಂಬರ್‌ಗೆ ಫೋನ್ ಮಾಡಿದೆ. ಮೇಡಂ ಎತ್ತಿದ್ರು. ಹೆಸರು ಹೇಳಿದೆ. ಪ್ರತಿ ಸಲ ಕೇಳೋ ಮೊದಲ ಪ್ರಶ್ನೆಯನ್ನೇ ಕೇಳಿದ್ರು: 'ಈಗ ಒಬ್ಬರೇ ಇದ್ದೀರಾ, ಮಾತಾಡಬಹುದಾ?' ಹಿಂದಿನ ಮೂರು ಸಲವೂ ನಾನು ಅದಕ್ಕೆ ಹೂಂ ಅಂದಿದ್ದೆ.

'ಈಗ ಇದ್ದೀನಿ' ಅಂದೆ. 'ಹಿಂದೆ ಕೊಟ್ಟ ಉತ್ತರ ಬದಲಾಯಿಸಬಹುದಾ? ಮೂರೂ ತಿಂಗಳದ್ದು.'

ಆ ಕಡೆ ಕಾಗದ ತಿರುಗಿಸೋ ಸದ್ದು ಕೇಳಿಸ್ತು. 'ಬದಲಾಯಿಸಬಹುದು ಮೇಡಂ. ಒಂದ್ನಿಮಿಷ, ಪೆನ್ ತಗೋತೀನಿ. ಮೊದಲನೇ ತಿಂಗಳಿಂದ ಹೇಳಿ.'